ಏಳಿಲ್ಲದ ಫೋನು

ಅಪ್ಪನ ಫೋನು ಗಂಜಿಯಲ್ಲಿ ಬಿದ್ದದ್ದು ನನಗೆ ವರ ನೋಡಲು ಶುರು ಮಾಡಿದ ತಿಂಗಳಲ್ಲೇ. ಬೆಟಗೇರಿಯಲ್ಲಿ ನಮ್ಮದು ನೇಕಾರರ ಮನೆ. ನೂಲಿಗೆಂದು ಅವ್ವ ಕಾಸಿಟ್ಟ ಗಂಜಿಯನ್ನು ನೋಡಲು ಅಪ್ಪ ಬಗ್ಗಿದ, ಅಂಗಿಯ ಕಿಸೆಯಿಂದ ಫೋನು ಜಾರಿ ಪಾತ್ರೆಯೊಳಗೆ ಮುಳುಗಿತು. ತಲೆಯ ಮೇಲೆ ಸಣ್ಣ ಬೆಳಕಿರುವ ಬಟನ್ ಫೋನು ಅದು. ಆಗ ಎಲ್ಲರ ಕಿಸೆಯಲ್ಲೂ ಅಂಥದೇ ಇರುತ್ತಿತ್ತು. ತೊಳೆದು ಎರಡು ದಿನ ಬಿಸಿಲಿಗಿಟ್ಟ ಮೇಲೆ ಅದಕ್ಕೆ ಜೀವ ಬಂತು. ಬೆಳಕು ಹತ್ತಿತು, ಗಂಟೆ ಹೊಡೆಯಿತು, ಮಾತೂ ಕೇಳಿಸಿತು. ಏಳನೇ ಅಂಕಿಯ ಬಟನ್ ಒಂದು ಮಾತ್ರ ಎಷ್ಟು ಒತ್ತಿದರೂ ಕೆಲಸ ಮಾಡಲಿಲ್ಲ.

ಗದಗಿನ ರಿಪೇರಿ ಅಂಗಡಿಯವನು, ಕಂಪನಿಯವರು ಈ ಮಾದರಿ ಮಾಡುವುದನ್ನೇ ಬಿಟ್ಟಿದ್ದಾರೆ, ಇದರ ಬಟನ್ನುಗಳು ಎಲ್ಲೂ ಸಿಗುವುದಿಲ್ಲ, ಹೊಸದು ತಗೊಳ್ಳಿ ಎಂದನಂತೆ. ಹತ್ತರಲ್ಲಿ ಒಂಬತ್ತು ಅಂಕಿ ನೆಟ್ಟಗಿರುವ ಫೋನನ್ನು ಬಿಸಾಡಲು ಅಪ್ಪನಿಗೆ ಮನಸ್ಸು ಬರಲಿಲ್ಲ.

ಫೋನಿನೊಳಗೆ ಹೆಸರು ತುಂಬಿಸಿಡುವುದು ಅಪ್ಪನಿಗೆ ಬರುತ್ತಿರಲಿಲ್ಲ. ಕಲಿಸಲು ಹೋದರೆ ಸಿಟ್ಟಾಗುತ್ತಿದ್ದ. ನಂಬರುಗಳೆಲ್ಲ ಮಗ್ಗದ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದವು. ಒಂದು ಮಧ್ಯಾಹ್ನ ಕೂತು ಏಳು ಇರುವ ನಂಬರಿನ ಮುಂದೆಲ್ಲ ಗೀರು ಹಾಕಿದ. ಅಂದಿನಿಂದ ನಮ್ಮ ಬೀಗರು ಬಿಜ್ಜರಲ್ಲಿ ಎರಡೇ ಜಾತಿ: ಹತ್ತುವವರು, ಹತ್ತದವರು. ಹತ್ತದವರು ತಾವಾಗಿ ಫೋನ್ ಮಾಡಿದರೆ ಅಪ್ಪ ಚೆನ್ನಾಗಿಯೇ ಮಾತಾಡುತ್ತಿದ್ದ. ಇಲ್ಲದಿದ್ದರೆ ಅವರ ಸುದ್ದಿಯೇ ಇಲ್ಲ.

ನನ್ನನ್ನು ನೋಡಲು ಎರಡು ಮನೆಯವರು ಬಂದರು. ಮೊದಲು ಶಿರಹಟ್ಟಿಯವರು, ವಾರದ ಮೇಲೆ ಲಕ್ಷ್ಮೇಶ್ವರದವರು. ಶಿರಹಟ್ಟಿಯ ಹುಡುಗ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡ. ಲಕ್ಷ್ಮೇಶ್ವರದವರು ಹೊಲಿಗೆ ಅಂಗಡಿ ಇಟ್ಟಿದ್ದರು. ನನ್ನ ಮುಖಕ್ಕಿಂತ ಹೆಚ್ಚಾಗಿ ಕುಪ್ಪಸದ ತೋಳನ್ನೇ ನೋಡಿದರು. ನನಗೆ ಇಬ್ಬರ ಮೇಲೂ ತಕರಾರಿರಲಿಲ್ಲ. ಎರಡೂ ಮನೆಯವರು ಹೊರಡುವಾಗ, ನಮಗೆ ಒಪ್ಪಿಗೆ, ವಿಚಾರ ಮಾಡಿ ಫೋನ್ ಮಾಡಿರಿ ಎಂದು ನಂಬರು ಕೊಟ್ಟು ಹೋದರು.

ಶಿರಹಟ್ಟಿಯವರ ನಂಬರಿನಲ್ಲಿ ಎರಡು ಏಳು ಇದ್ದವು. ಲಕ್ಷ್ಮೇಶ್ವರದ್ದರಲ್ಲಿ ಒಂದೂ ಇರಲಿಲ್ಲ.

ಪಕ್ಕದ ಮನೆಯವರ ಫೋನು ಇಸಿದುಕೊಂಡು ಶಿರಹಟ್ಟಿಗೂ ಒಂದು ಮಾತು ಆಡಬಾರದೇ ಎಂದು ಅವ್ವ ಕೇಳಿದಳು. ಅಪ್ಪ ಲಾಳಿ ನಿಲ್ಲಿಸಿ ಹೇಳಿದ:

"ಇವತ್ತ ಮಂದಿ ಫೋನ್ ಬೇಡಿ ಮಾತಾಡಬಹುದು. ನಾಳೆ ಮಗಳು ಉಂಡಾಳೋ ಇಲ್ಲೋ ಅಂತ ಕೇಳಾಕೂ ದಿನಾ ಬೇಡಬೇಕೇನು? ಫೋನ್ ಹತ್ತೂ ಮನಿಗೇ ಕೊಡೂನು."

ಹಾಗೆ ನಾನು ಲಕ್ಷ್ಮೇಶ್ವರಕ್ಕೆ ಬಂದೆ.

ಅಪ್ಪ ಮಾತಿನಂತೆ ನಡೆದ. ದಿನಾ ಊಟದ ಹೊತ್ತಿಗೆ ನಮ್ಮ ಮನೆಯವರ ನಂಬರಿಗೆ ಫೋನು ಬರುತ್ತಿತ್ತು. ಏನು ಪಲ್ಯ ಎಂದು ಕೇಳಿ ಇಟ್ಟುಬಿಡುತ್ತಿದ್ದ. ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಯಾರೋ ಗಿರಾಕಿ, ಅಂಗಡಿಗೆ ನೆನಪಿಡಲು ಸುಲಭದ ನಂಬರು ಇರಬೇಕು ಎಂದು ನಮ್ಮ ಮನೆಯವರ ತಲೆಗೆ ತುಂಬಿದ. ಇವರು ಹಳೆಯದನ್ನು ಬಿಟ್ಟು, ಕೊನೆಯಲ್ಲಿ ಸಾಲಾಗಿ ನಾಲ್ಕು ಏಳು ಇರುವ ಹೊಸ ನಂಬರು ತಂದರು. ಅವತ್ತು ಪೇಢೆ ಹಂಚಿದರು. ಬೆಟಗೇರಿಗೂ ಅವರೇ ಫೋನ್ ಮಾಡಿ ಹೊಸ ನಂಬರು ಬರೆಸಿದರು. ಅಪ್ಪ ಬರೆದುಕೊಂಡು ಫೋನು ಇಟ್ಟನಂತೆ.

ಮರುದಿನ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾವೇ ಮಾಡೋಣವೆಂದರೆ ನನಗೆ ಹಟ. ಏಳರ ಬಟನ್ನಿನ ಮಾತು ನೆನಪೇ ಆಗಲಿಲ್ಲ, ಏನೋ ಸಿಟ್ಟಾಗಿದ್ದಾನೆ ಎಂದುಕೊಂಡೆ. ಐದನೇ ದಿನ ಅಪ್ಪ ಬಸ್ಸು ಹತ್ತಿ ಬಂದೇಬಿಟ್ಟ. ಚಹಾ ಕುಡಿದು, ಅಳಿಯನ ಎದುರು ಕೈ ಕಟ್ಟಿಕೊಂಡು ಕೂತ.

"ಅಳಿಯಾರ, ಹಳೇ ನಂಬರ ವಾಪಸ್ ತರಾಕ ಬರ್ತೈತೇನ್ರಿ?"

ಅದು ಬರುವುದಿಲ್ಲ ಎಂದು ಇವರು ವಿವರಿಸಿದರು. ಅಪ್ಪ ಫೋನು ತೆಗೆದು ಏಳರ ಬಟನ್ ಒತ್ತಿ ತೋರಿಸಿದ. ಇವರು ಹೊಸ ಫೋನು ಕೊಡಿಸುತ್ತೇನೆಂದರು. ಅಳಿಯನ ಕೈಯಿಂದ ಇಸಿದುಕೊಳ್ಳುವುದು ಅಪ್ಪನಿಗೆ ಸರಿಬರಲಿಲ್ಲ. ಕೊನೆಗೆ ಇವರೇ ಒಂದು ದಾರಿ ಕಂಡುಹಿಡಿದರು: ಅದೇ ಮಾದರಿಯ ಕೆಟ್ಟ ಫೋನು ಸಿಕ್ಕರೆ ಅದರ ಬಟನ್ ತೆಗೆದು ಇದಕ್ಕೆ ಹಾಕಿಸಬಹುದು.

ಮೂರು ಭಾನುವಾರ ಮಾವ ಅಳಿಯ ಬೈಕಿನ ಮೇಲೆ ಕೆಟ್ಟ ಫೋನು ಹುಡುಕಿಕೊಂಡು ತಿರುಗಿದರು. ಮುಂಡರಗಿಯ ಗುಜರಿಯಲ್ಲಿ ಸಿಗಲಿಲ್ಲ. ಬಾಳೆಹೊಸೂರಿನಲ್ಲಿ ಒಬ್ಬರ ಹತ್ತಿರ ಇತ್ತು, ಆದರೆ ಅದು ಇನ್ನೂ ನಡೆಯುತ್ತಿತ್ತು. ಅದು ಯಾವಾಗ ಕೆಡಬಹುದು ಎಂದು ಅಪ್ಪ ಕೇಳಿದ್ದಕ್ಕೆ ಅವರು ಇಬ್ಬರನ್ನೂ ಹೊರಗೆ ಕಳಿಸಿದರು. ಕಡೆಗೆ ಹರ್ತಿಯಲ್ಲಿ ಒಬ್ಬ ರೈತ, ಎತ್ತು ತುಳಿದು ಗಾಜು ಪುಡಿಯಾದ ಫೋನನ್ನು ಗೂಟಕ್ಕೆ ಕಟ್ಟಿದ ಚೀಲದಿಂದ ತೆಗೆದು ಕೊಟ್ಟ. ಬಟನ್ನುಗಳು ಹೊಸದರಂತಿದ್ದವು.

ಗದಗಿನ ಅಂಗಡಿಯವನು ಅದನ್ನು ಕೂರಿಸಿ, ಏಳು ಇರುವ ಯಾವುದಾದರೂ ನಂಬರು ಹಚ್ಚಿ ನೋಡಿ ಎಂದ. ಅಳಿಯ ಪಕ್ಕದಲ್ಲೇ ಇದ್ದರೂ ಅಪ್ಪ ಕಿಸೆಯಿಂದ ಒಂದು ಹಳೇ ಚೀಟಿ ತೆಗೆದು ಬೇರೆ ಯಾವುದೋ ನಂಬರು ಒತ್ತಿದ. ಆ ಕಡೆ ಯಾರೋ ಎತ್ತಿದರು.

"ಬೆಟಗೇರಿಯಿಂದ ಮಾತಾಡಾಕತ್ತೀನ್ರಿ. ನೀವು ಕನ್ಯಾ ನೋಡಿ ಹೋಗಿದ್ರಲ್ಲ, ಫೋನ್ ಹತ್ತಿರಲಿಲ್ಲ. ನಮ್ಮ ಹುಡುಗೀನ್ನ ಲಕ್ಷ್ಮೇಶ್ವರಕ್ಕ ಕೊಟ್ಟೀವ್ರಿ. ತಪ್ಪು ತಿಳಕೋಬ್ಯಾಡ್ರಿ."

ಶಿರಹಟ್ಟಿಯವರು ಬಹಳ ಮರ್ಯಾದಸ್ಥರು. ತಿಳಿಸಿದ್ದು ಚಲೋ ಆಯಿತು, ನಮ್ಮ ಹುಡುಗನಿಗೂ ಮದುವೆಯಾಗಿ ಈಗ ಗಂಡು ಮಗು ಎಂದರಂತೆ. ಅಪ್ಪ ಮಗುವಿನ ಹೆಸರು, ತೂಕ ಎಲ್ಲ ಕೇಳಿಕೊಂಡೇ ಇಟ್ಟ.

ಇದನ್ನು ನನಗೆ ಹೇಳಿದ್ದು ನಮ್ಮ ಮನೆಯವರೇ, ಅವತ್ತು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು. ತಮ್ಮನ್ನು ಆರಿಸಿದ್ದು ಅಂಗಡಿ ನೋಡಿ, ಗುಣ ನೋಡಿ ಎಂದು ಅವರು ಅಷ್ಟು ದಿನ ನಂಬಿದ್ದರು. ಬರುವಾಗ ದಾರಿಯಲ್ಲಿ ಕೇಳಿದ್ದಕ್ಕೆ ಅಪ್ಪ ಏನೂ ಮುಚ್ಚಿಡದೆ ಎಲ್ಲ ಹೇಳಿದ್ದ.

"ನಿನಗ ಮೊದಲೇ ಗೊತ್ತಿತ್ತೇನು?" ಎಂದರು.

ಗೊತ್ತಿತ್ತು ಎಂದೆ. ಅವರು ಮುಖ ಗಂಟು ಹಾಕಿಕೊಂಡರು. ನಾನು ನಗು ತಡೆಯಲು ಒಲೆಯ ಕಡೆ ತಿರುಗಿದೆ. ಹಿಂದಿನಿಂದ ಅವರು ನಗುವುದೇ ಮೊದಲು ಕೇಳಿಸಿತು. ಆಮೇಲೆ ಇಬ್ಬರೂ ನಿಲ್ಲಿಸಲಾಗದೆ ನಕ್ಕು, ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು.