ನೀಲಿ ಹಂದಿಯ ಟ್ರೆಂಬತ್

ಜೋಯಲ್ ಟ್ರೆಂಬತ್ ತನ್ನ ಹಂದಿಗೆ ಬಟ್ಟೆಗೆ ಹಾಕುವ ನೀಲಿ ಬಳಿದು ಬೀದಿಯಲ್ಲಿ ಮೆರವಣಿಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ನಮ್ಮ ಕಡೆಯ ಶಾಸಕರು ಕುದುರೆಯಿಂದ ಬಿದ್ದು ತೀರಿಕೊಂಡು ಉಪಚುನಾವಣೆ ಬಂದಿತ್ತು. ನೀಲಿ ಪಟ್ಟಿಯ ಅಭ್ಯರ್ಥಿ ಪೆಂಗೆಲಿ ಗೆದ್ದರೆ ನದಿಗೆ ಸೇತುವೆ, ಹಳದಿ ಪಟ್ಟಿಯ ಲುಡ್ಲೋ ಗೆದ್ದರೆ ಕುದುರೆ ರೇಸಿನ ಮೈದಾನ. ಟ್ರೆಂಬತ್‌ನ ಒಬ್ಬಳೇ ಮಗಳು ಆಚೆ ದಡದಲ್ಲಿ ಆರು ತಿಂಗಳ ಬಸುರಿ. ಹೊಳೆ ಏರಿದರೆ ಅವನ ಹೆಂಡತಿ ಕೆಝಾಯ ಈಚೆ ದಡದಲ್ಲಿ ನಿಂತು ಕೈಬೀಸುವುದಷ್ಟೇ. ಸೇತುವೆಗಾಗಿ ಆ ಮನುಷ್ಯ ಊಟ ನಿದ್ದೆ ಬಿಟ್ಟಿದ್ದ.

ಮತದಾನದ ದಿನ ಊರಿಗೇ ಹುಚ್ಚು ಹಿಡಿದಿತ್ತು. ಟ್ರೆಂಬತ್ ಇಬ್ಬರು ಕುಂಟರನ್ನು ಹೊತ್ತು ತಂದ, ಮಲಗಿದ್ದ ಒಬ್ಬನನ್ನು ಹಾಸಿಗೆ ಸಮೇತ ತಂದ. ಕೊನೆಗೆ ತನ್ನ ವೋಟು ಹಾಕಿ ಎದೆಯುಬ್ಬಿಸಿ ಬಂದ.

"ಏಯ್, ಎಂಥಾ ಗುರುತು ಹಾಕ್ದೆ ಗೊತ್ತಾ? ಚೀಟೀಲಿ ಚೌಕ ಕಾಣ್ಲಿಲ್ಲ. ಪೆಂಗೆಲಿ ಹೆಸರಿನ ಮೇಲೇನೇ ಈ ತುದಿಯಿಂದ ಆ ತುದಿಗೆ ದೊಡ್ಡ ಕತ್ತರಿ ಗುರುತು ಎಳ್ದೆ, ಎರಡು ಸಲ!"

ನಾನು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದೆ. ಅವನು ದಕ್ಷಿಣ ಆಸ್ಟ್ರೇಲಿಯಾದ ತಾಮ್ರದ ಗಣಿಯಿಂದ ಬಂದವನು. ಅಲ್ಲಿ ಬೇಕಾದವರ ಹೆಸರಿನ ಪಕ್ಕದ ಚೌಕದಲ್ಲಿ ಕತ್ತರಿ ಗುರುತು ಹಾಕುತ್ತಾರೆ. ನಮ್ಮ ವಿಕ್ಟೋರಿಯಾದಲ್ಲಿ ಬೇಡದವರ ಹೆಸರು ಹೊಡೆದುಹಾಕುತ್ತಾರೆ.

"ಅಯ್ಯೋ ಪುಣ್ಯಾತ್ಮ, ಲುಡ್ಲೋಗೆ ವೋಟು ಹಾಕಿ ಬಂದಿದೀಯಲ್ಲೋ!" ಎಂದೆ.

ಅವನ ಮುಖ ಹಂದಿಗಿಂತ ನೀಲಿಯಾಯಿತು. "ಕೆಝಾಯಗೆ ಮಾತ್ರ ಹೇಳ್ಬೇಡ ಮಾರಾಯ. ಒಂದು ವೋಟಿಂದ ಏನಾಗತ್ತೆ?"

ಸಂಜೆ ಎಣಿಕೆ ಮುಗಿಯಿತು. ಲುಡ್ಲೋ ಇನ್ನೂರ ಹನ್ನೆರಡು, ಪೆಂಗೆಲಿ ಇನ್ನೂರ ಹನ್ನೊಂದು. ಸೋತ ಪೆಂಗೆಲಿ ಎಲ್ಲರೆದುರು ಟ್ರೆಂಬತ್‌ನನ್ನು ತಬ್ಬಿಕೊಂಡು ಕಣ್ಣೀರಿಟ್ಟ. "ನಿನ್ನಂಥೋನು ಇನ್ನೊಬ್ಬ ಇದ್ದಿದ್ರೆ ಗೆದ್ದೇಬಿಡ್ತಿದ್ದೆ ಕಣೋ!" ಎಂದ. ನಾನು ನಗು ತಡೆಯಲಾರದೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡೆ. ನಕ್ಕಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನದಿಂದಲೇ ಟ್ರೆಂಬತ್ ದೋಣಿ ಕಟ್ಟಲು ಕೂತ. ಗಣಿಯವನಿಗೆ ದೋಣಿಯ ಗಂಧವೇ ಇರಲಿಲ್ಲ. ಬಾತುಕೋಳಿಗಳೂ ದೂರ ಸರಿಯುವಂಥ ಒಂದು ಆಕಾರ ತಯಾರಾಯಿತು. ಮೂರು ತಿಂಗಳಿಗೆ ಹೊಳೆ ಉಕ್ಕಿತು, ಅದೇ ದಿನ ಮಗಳಿಗೆ ನೋವು ಶುರುವಾಗಿದೆಯೆಂದು ಆಚೆಯಿಂದ ಕೂಗಿದರು. ಟ್ರೆಂಬತ್ ಹುಟ್ಟು ಹಿಡಿದ, ಕೆಝಾಯ ಮಧ್ಯೆ ಕೂತಳು, ನಾನು ಡಬ್ಬಿಯಲ್ಲಿ ನೀರು ಮೊಗೆಯುತ್ತಾ ಹೋದೆ.

ನಡುಹೊಳೆಯಲ್ಲಿ ದೋಣಿ ಗಿರಗಿರನೆ ತಿರುಗತೊಡಗಿತು. ಮೂವರ ಕಥೆಯೂ ಮುಗಿಯಿತು ಎಂದುಕೊಂಡೆ. ಟ್ರೆಂಬತ್ ಹುಟ್ಟು ಬಿಟ್ಟು ಅಳತೊಡಗಿದ.

"ಕೆಝಾಯ, ಸೇತುವೆ ತಪ್ಪಿಸಿದ್ದು ನಾನೇ ಕಣೇ! ಆ ಒಂದು ವೋಟು ನಂದೇ!"

ಕೆಝಾಯ ಹುಟ್ಟನ್ನೆತ್ತಿ ಅವನ ಕೈಗೆ ತುರುಕಿದಳು.

"ಒಂದೇ ವೋಟಲ್ಲಿ ಸೋತ್ರು ಅಂದಾಗ್ಲೇ ಅದು ನಿಮ್ಮದೇ ಇರ್ಬೇಕು ಅಂದ್ಕೊಂಡೆ ಕಣ್ರೀ. ಹುಟ್ಟು ಹಾಕಿ, ಮಗು ಕಾಯಲ್ಲ."