ಕೊನೇ ಅಂಕದ ಹದಿನೆಂಟು ನಿಮಿಷ

ನಮ್ಮಕ್ಕನ ಬಾಯಿಂದ ತನ್ನ ಬಗ್ಗೆಯೇ ಒಂದು ಒಳ್ಳೇ ಮಾತು ಹೊರಡಿಸೋದಕ್ಕಿಂತ ಕಲ್ಲಿನಲ್ಲಿ ನಾರು ತೆಗೆಯೋದು ಸುಲಭ. ನಾನು ಬಸ್ ಕಂಡಕ್ಟರ್. ದಿನಕ್ಕೆ ಐನೂರು ಜನರ ಹತ್ತಿರ ಬಾಯಿ ಮಾಡಿ ಅನ್ನ ತಿನ್ನುವವಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇವಳೋ, ಯಾರಾದರೂ ಕಾಲು ತುಳಿದರೆ ತಾನೇ 'ಸಾರಿ' ಕೇಳುವವಳು.

ಇಪ್ಪತ್ತೆರಡು ವರ್ಷ ಒಂದು ನೃತ್ಯತಂಡದಲ್ಲಿ ಕುಣಿದಳು. ಅಲ್ಲಿ ದೊಡ್ಡ ಪಾತ್ರದವರಿಗೆ ಮಾತ್ರ ಮುಖ. ಮಿಕ್ಕ ಏಳು ಜನವೇ ಮರ, ಅಲೆ, ಕಾವಲುಗಾರ ಎಲ್ಲ ಆಗಬೇಕಿದ್ದರಿಂದ ಅವರಿಗೆ ಮುಖವಾಡ. ಅಮ್ಮ ಪಾಪ ಪ್ರತಿ ಸಲ ಕನ್ನಡಕ ಒರೆಸಿಕೊಂಡು, "ನಮ್ಮವಳು ಯಾರೇ?" ಅಂತ ಕೇಳೋಳು. "ಎಡಗಡೆಯಿಂದ ಮೂರನೇ ಮರ ಕಣಮ್ಮಾ" ಅಂತ ನಾನು ಹೇಳೋದು. ಮನೆಯಲ್ಲಾದರೂ ಒಂಚೂರು ಕುಣಿದು ತೋರಿಸೇ ಅಂದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡೋಳು.

ಆಮೇಲೆ ಆ ಫ್ರೆಂಚ್ ಕಥೆ ಬಂತು. ಆ ಕಡೆಯವರು ಯಾವುದೋ ಕಾಲದಲ್ಲಿ ಒಂದು ಕಿನ್ನರಿ ಕಥೆಯನ್ನ ಹಾಡಿನ ನಾಟಕ ಮಾಡಿದ್ದರಂತೆ. ನಮ್ಮ ತಂಡದವರು ಹಾಡುಗಳನ್ನೆಲ್ಲ ಹಾಗೇ ಇಟ್ಟುಕೊಂಡು, ಹಾಡುವವರ ಜಾಗದಲ್ಲಿ ಕುಣಿಯುವವರನ್ನ ನಿಲ್ಲಿಸಿದರು. ಶಾಪದಿಂದ ರಾಜಕುಮಾರಿಯ ಮುಖ ಮರದ ಗೊಂಬೆಯ ಮುಖವಾಗುತ್ತೆ. ಕೊನೇ ಅಂಕದಲ್ಲಿ ಹದಿನೆಂಟು ನಿಮಿಷ ಒಬ್ಬಳೇ ಮುಂದೆ ನಿಂತು ಕುಣಿದಮೇಲೆ ಶಾಪ ಕಳಚುತ್ತೆ, ಮುಖವಾಡ ಬೀಳುತ್ತೆ. ಮನೆಮನೆಯಲ್ಲೂ ಟೀವಿಗೆ ಹಾಕಿಕೊಂಡು ನೋಡಲಿ ಅಂತ ಅದರ ವಿಡಿಯೋ ಕ್ಯಾಸೆಟ್ ಮಾಡಿಸಿದರು.

ಶೂಟಿಂಗ್ ದಿನ ರಾಜಕುಮಾರಿಯ ಪಾತ್ರದವಳು, ನಾನವಳನ್ನ ಮಹಾರಾಣಿ ಅಂತಲೇ ಕರೆಯೋದು, ಎರಡನೇ ಅಂಕದಲ್ಲಿ ಕಾಲು ಉಳುಕಿಸಿಕೊಂಡಳು. ಕ್ಯಾಮೆರಾದವರು ಆ ಒಂದೇ ದಿನ ಸಿಗೋದು. ಎಲ್ಲರ ಹೆಜ್ಜೆಯೂ ಗೊತ್ತಿದ್ದವಳು ನಮ್ಮಕ್ಕ ಒಬ್ಬಳೇ. ಗೊಂಬೆಯ ಮುಖವಾಡ ಹಾಕಿ ತಳ್ಳಿದರು. ಹದಿನೆಂಟು ನಿಮಿಷವೂ ಕುಣಿದಳು. ಶಾಪ ಕಳಚುವ ಹೊತ್ತಿಗೆ ಸರಿಯಾಗಿ ಪರದೆ ಹಿಂದೆ ಸರಿದಳು. ಆ ಕಡೆಯಿಂದ ಮಹಾರಾಣಿ ಪಾದಕ್ಕೆ ಬ್ಯಾಂಡೇಜು ಸುತ್ತಿಕೊಂಡು, ಉದ್ದ ಲಂಗದಲ್ಲಿ ಅದನ್ನ ಮುಚ್ಚಿಕೊಂಡು, ಮುಖವಾಡ ಕೈಯಲ್ಲಿ ಹಿಡಿದು ಬಂದು ನಿಂತಳು. ಚಪ್ಪಾಳೆಯೋ ಚಪ್ಪಾಳೆ! ಯಾರೋ ಹೆತ್ತ ಮಗುವಿಗೆ ಇನ್ಯಾರೋ ಹೆಸರಿಟ್ಟ ಹಾಗೆ. ಕ್ಯಾಸೆಟ್ ಡಬ್ಬದ ಮೇಲೆ ಅವಳದೇ ಮುಖ, ಅವಳದೇ ಹೆಸರು. ನಮ್ಮಕ್ಕ ಹಿಂಬದಿಯಲ್ಲಿ 'ಇತರರು'.

"ಹೋಗಿ ಕೇಳೇ" ಅಂದೆ.

"ಪಾತ್ರ ಅವಳದೇ ಅಲ್ವೇನೇ? ಬಿಡು" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಇದಾಗಿ ಹತ್ತೊಂಬತ್ತು ವರ್ಷ. ತಂಡ ಮುಚ್ಚಿತು. ಅಕ್ಕ ಈಗ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ನಿಂತು, ಜನ ತಂದ ಕೋಟುಗಳಿಗೆ ನಂಬರಿನ ಚೀಟಿ ಚುಚ್ಚುತ್ತಾಳೆ. ಹೋದ ತಿಂಗಳು ಬಟ್ಟೆ ಮಡಿಸುತ್ತಾ ಇದ್ದಕ್ಕಿದ್ದಂತೆ, "ಇಲ್ಲೊಂದು ನೃತ್ಯಶಾಲೆಯಲ್ಲಿ ಮಕ್ಕಳಿಗೆ ಕಲಿಸೋ ಕೆಲಸ ಇದೆಯಂತೆ. ಸಿಕ್ಕಿದ್ರೆ ಚೆನ್ನಾಗಿರ್ತಿತ್ತು" ಅಂದಳು. ನನಗೆ ಬುದ್ಧಿ ಬಂದಾಗಿನಿಂದ ಇವಳು 'ನನಗೆ ಇದು ಬೇಕು' ಅಂದಿದ್ದು ಅದೊಂದೇ ಸಲ. ಆದರೆ ಅವರದೊಂದು ನಿಯಮ: ಒಂದಾದರೂ ಮುಖ್ಯ ಪಾತ್ರ ಕುಣಿದಿರಬೇಕು, ಅದಕ್ಕೆ ಆಧಾರ ತೋರಿಸಬೇಕು. "ನನ್ನ ಹತ್ರ ಎಲ್ಲಿದೆ" ಅಂತ ಸುಮ್ಮನಾದಳು. ಸುಮ್ಮನಾಗೋದಂತೆ! ನಾನು ರಜೆ ಹಾಕಿ ಎಳೆದುಕೊಂಡೇ ಹೋದೆ.

ಶಾಲೆಯ ಹೆಡ್ ಮೇಡಂ ಬಿಗುಮುಖದ ಹೆಂಗಸು. ಇದ್ದದ್ದನ್ನೆಲ್ಲ ನಾನೇ ಹೇಳಿದೆ. ಅವರು ಎದ್ದು ಬೀರುವಿನಿಂದ ಅದೇ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು. "ಇದು ನಮ್ಮಲ್ಲೂ ಇದೆ. ಇದನ್ನ ನೋಡಿಕೊಂಡೇ ಮಕ್ಕಳಿಗೆ ಈ ನೃತ್ಯ ಕಲಿಸ್ತೀವಿ. ಇದರ ಮೇಲಿರೋದು ಬೇರೆಯವರ ಹೆಸರು. ಮುಖವಾಡದೊಳಗೆ ಇದ್ದದ್ದು ನಾನೇ ಅಂತ ಯಾರು ಬೇಕಾದ್ರೂ ಹೇಳಬಹುದಲ್ವಾ?"

"ಹಾಕಿ ನೋಡಿ ಮೇಡಂ, ಅವಳು ಹೇಗೆ ಕುಣಿದಿದಾಳೆ ಅಂತ!" ಅಂದೆ. ನಾಲ್ಕು ಮಾತು ಹೊಗಳಿಕೊಳ್ಳೇ ಅಂತ ಅಕ್ಕನ ತೊಡೆ ಚಿವುಟಿದೆ.

ಟೀವಿಯಲ್ಲಿ ಗೊಂಬೆಮುಖದವಳು ಸುತ್ತುತ್ತಿದ್ದಳು, ಹಿಂದೆ ಆರು ಜನ. ಅಷ್ಟರಲ್ಲಿ ಅಕ್ಕ ಬಾಯಿ ತೆರೆದಳು.

"ಮೇಡಂ, ಒಂದು ನಿಮಿಷ ನಿಲ್ಲಿಸಿ. ಇಲ್ಲಿ ನಾನು ತಪ್ಪಿದೀನಿ."

ಅಯ್ಯೋ ನನ್ನ ಕರ್ಮವೇ! ಹೊಗಳಿಕೋ ಅಂತ ಕರೆದುಕೊಂಡು ಬಂದರೆ ತಪ್ಪು ತೋರಿಸ್ತಾಳೆ! ಭೂಮಿ ಬಾಯಿಬಿಡಬಾರದಾ ಅನ್ನಿಸಿತು. "ಸುಮ್ನಿರೇ" ಅಂತ ಹಲ್ಲು ಕಡಿದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ.

"ಐದನೇ ಸುತ್ತಾದಮೇಲೆ ಎಡಗಾಲು ಹಿಂದಕ್ಕೆ ಹೋಗಬೇಕು. ನಾನು ಬಲಗಾಲು ಹಾಕ್ಬಿಟ್ಟೆ. ಮುಖವಾಡದ ಕಣ್ಣಿನ ತೂತು ಜಾರಿತ್ತು, ಕಾಣಿಸ್ತಿರಲಿಲ್ಲ. ಹಿಂದಿದ್ದ ಆರು ಜನಾನೂ ನನ್ನನ್ನೇ ನೋಡ್ಕೊಂಡು ಬಲಗಾಲು ಹಾಕಿದ್ರು, ಮುಂದಿನದನ್ನ ಹೇಗೋ ಹೊಂದಿಸ್ಕೊಂಡ್ವಿ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ನೀವು ಇದನ್ನೇ ಮಕ್ಕಳಿಗೆ ಕಲಿಸ್ತಿದ್ರೆ, ಮುಂದಿನ ಹೆಜ್ಜೆಯಲ್ಲಿ ಅವರು ಎಡವುತ್ತಿರಬೇಕಲ್ವಾ?"

ಮೇಡಂ ರಿಮೋಟ್ ಒತ್ತಿ ಟೀವಿ ನಿಲ್ಲಿಸಿದರು. "ಎಡವುತ್ತಾರೆ" ಅಂದರು. "ಪ್ರತಿ ವರ್ಷ, ಅದೇ ಜಾಗದಲ್ಲಿ. ಮಕ್ಕಳನ್ನ ಬೈಕೊಂಡು ಬಂದಿದೀವಿ." ಆಮೇಲೆ ಅಕ್ಕನನ್ನ ಮೇಲಿಂದ ಕೆಳಗೆ ನೋಡಿದರು. "ಸರಿಯಾದದ್ದು ಹೇಗೆ?"

"ಹೇಳೋಕೆ ಬರಲ್ಲ ಮೇಡಂ. ತೋರಿಸಬಹುದು."

ಅಕ್ಕ ಚಪ್ಪಲಿ ಬಿಟ್ಟು, ಕೈಚೀಲವನ್ನ ನನ್ನ ಮಡಿಲಿಗೆ ಹಾಕಿ, ಮೇಜಿಗೂ ಬಾಗಿಲಿಗೂ ನಡುವೆ ಇದ್ದ ಚೂರು ಜಾಗದಲ್ಲಿ ನಿಂತಳು. ಟೀವಿಯಲ್ಲಿ ಹಾಡು ಸ್ವಲ್ಪ ಹಿಂದಿನಿಂದ ಮತ್ತೆ ಶುರುವಾಯಿತು. ಸುತ್ತಿದಳು. ಐವತ್ತರ ಹತ್ತಿರದ ಹೆಂಗಸು, ದಿನವಿಡೀ ನಿಂತು ನಿಂತು ಬಾತುಕೊಂಡ ಕಾಲು, ಹೂವಿನಷ್ಟು ಹಗುರ. ಐದನೇ ಸುತ್ತು ಮುಗಿದು ಎಡಗಾಲು ಹಿಂದಕ್ಕೆ ಹೋಯಿತು. ಮುಂದಿನ ಹೆಜ್ಜೆ ನೀರು ಹರಿದ ಹಾಗೆ ಬಂತು. "ಸೋಮವಾರದಿಂದ ಬಂದುಬಿಡಿ" ಅಂತ ಮೇಡಂ ಅವಳ ಕಾಲಿನಿಂದ ಕಣ್ಣು ಕೀಳದೆಯೇ ಹೇಳಿದರು.

ನಾನು ಕಾಲು ನೋಡುತ್ತಿರಲಿಲ್ಲ. ಅವಳ ಮುಖ ನೋಡುತ್ತಿದ್ದೆ. ನಗುತ್ತಿದ್ದಳು ಕಣ್ರೀ! ಹಾಗೆ ನಕ್ಕಿದ್ದನ್ನ ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆ ಮರ, ಆ ಅಲೆ, ಆ ಗೊಂಬೆ, ಎಲ್ಲದರ ಒಳಗೂ ಇವಳು ಹೀಗೇ ನಗುತ್ತಿದ್ದಳಾ? ಅಮ್ಮ ಇದನ್ನ ನೋಡದೆಯೇ ಹೋದಳಲ್ಲ! ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಅಕ್ಕ ನಿಂತಳು. ನನ್ನ ಮುಖ ನೋಡಿ ಗಾಬರಿಯಾದಳು.

"ಯಾಕೇ ಅಳ್ತಿದೀಯ? ಈ ಸಲವೂ ತಪ್ಪಿದೆನಾ?"