ಕೊಬ್ಬರಿ ಹಾರದ ಗಂಟು

ಈ ಪರದೇಶದ ವೆರಿಬೀ ಊರಿನಾಚೆ, ಹೋರಿ ಸವಾರಿಯ ಪಂದ್ಯ ನಡೆಯುವ ರೋಡಿಯೋ ಮೈದಾನದಲ್ಲಿ ಟಾಯ್ಲೆಟ್ ಹುಡುಕುತ್ತ ನಾನೂ ಮಗಳೂ ಹೋರಿಗಳನ್ನು ಕೂಡಿಹಾಕಿದ್ದ ಕಂಬಿಬೇಲಿಯ ಹಿಂದೆ ಬಂದೆವು. ಸಗಣಿ, ಬೆವರು, ಒದ್ದೆ ಹಗ್ಗದ ವಾಸನೆ. ಹಾವೇರಿ ಕಡೆಯ ನಮ್ಮ ಹಿತ್ತಿಲಲ್ಲೂ ಇದೇ ವಾಸನೆ ಇರುತ್ತಿತ್ತು.

ಹೋರಿ ಹಬ್ಬದ ಬೆಳಿಗ್ಗೆ ಹೋರಿಯ ಕೊರಳಿಗೆ ಕೊಬ್ಬರಿ ಹಾರ ಕಟ್ಟುವುದು ಅಜ್ಜಿಯ ಕೆಲಸ. ಓಡುವ ಹೋರಿಯ ಮೇಲೆ ಬಿದ್ದು ಹುಡುಗರು ಅದನ್ನು ಹರಿಯಬೇಕು. ಹರಿಯುವವರೆಗೆ ಕೊರಳಿಗೆ ಜೋತುಬೀಳುತ್ತಾರೆ. ನಮ್ಮ ಹೋರಿಯ ಹಾರ ಅದುವರೆಗೆ ಯಾರ ಕೈಗೂ ಸಿಕ್ಕಿರಲಿಲ್ಲ. ನಾನು ಮಗಳಷ್ಟಿದ್ದ ಆ ವರ್ಷ ಅದರ ಮುಂಗಾಲು ಬಾತಿತ್ತು.

"ಕಾಲು ನೋಡ್ರಿ, ಈ ಸಲ ಬ್ಯಾಡ," ಎಂದಳು ಅಜ್ಜಿ.

"ಬಿಡಲಿಲ್ಲಂದ್ರ ಅಂಜಿದ ಅಂತಾರ ಮಂದಿ," ಎಂದ ಅಜ್ಜ.

ಅಜ್ಜಿ ಗಟ್ಟಿ ಹುರಿಯನ್ನು ಬದಿಗಿಟ್ಟು, ಹೂ ಕಟ್ಟುವ ದಾರದಲ್ಲಿ ಹಾರ ಕಟ್ಟಿದಳು. ಅಜ್ಜ ಬಂದು ಗಂಟಿನ ಕೆಳಗೆ ಬೆರಳು ತೂರಿಸಿದ. ದಾರ ಆ ಬೆರಳಿಗೇ ಹರಿಯುವಂತಿತ್ತು. ಅವಳ ಮುಖ ನೋಡಿದ. ಆಮೇಲೆ ಹೊರಗೆ ಕಾಯುತ್ತಿದ್ದವರಿಗೆ ಕೇಳುವಂತೆ, "ಬಿಗಿ ಐತಿ, ನಡೀರಿ," ಎಂದ.

ಮೊದಲು ಚಾಚಿದ ಕೈಗೇ ಹಾರ ಹೋಯಿತು. ಹೋರಿಯ ಮೈಗೆ ಯಾರೂ ಜೋತುಬೀಳಲಿಲ್ಲ.

"ಅಜ್ಜಾ, ಮುಂದಿನ ವರ್ಷ ಎಮ್ಮಿ ಬಿಡು!" ಎಂದು ಯಾರೋ ಕೂಗಿದರು.

ಅಜ್ಜ ತಿರುಗಿ ನೋಡಲಿಲ್ಲ. ರುಮಾಲು ಬಿಚ್ಚಿ ಹೋರಿಯ ಮುಖ ಒರೆಸಿ, ಅದು ಕುಂಟಿದಷ್ಟೇ ನಿಧಾನಕ್ಕೆ ಪಕ್ಕದಲ್ಲಿ ನಡೆದು ಮನೆಗೆ ಕರೆತಂದ.

ಇಲ್ಲಿ ರೋಡಿಯೋ ಮೈದಾನದಲ್ಲಿ ಚಪ್ಪಾಳೆ ಬಿತ್ತು. ಸವಾರನಿಲ್ಲದ ಹೋರಿಯೊಂದು ಕಂಬಿಬೇಲಿಯೊಳಕ್ಕೆ ಮರಳಿ ನೀರಿನ ತೊಟ್ಟಿಗೆ ಬಾಯಿ ಹಾಕಿತು.

"ಅಮ್ಮಾ, ಯಾರು ಗೆದ್ರು?" ಎಂದಳು ಮಗಳು.

"ಗೊತ್ತಿಲ್ಲ. ತಡಿ, ಅದು ನೀರು ಕುಡೀಲಿ," ಎಂದೆ.